ಬಸುರಿಗೆ ‘ಒಂದು ಗ್ಲಾಸ್ ಕುಡಿದರೆ ಏನಾಗುತ್ತೆ’ ಅನ್ನುವವರಿಗೆ ಏನು ಹೇಳಬೇಕು?

ಕೋಡಿಬಾಗದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಈಗ ಐದು ತಿಂಗಳು. ಗಂಡನ ಮನೆಯ ನೆಂಟರು ಜಾಸ್ತಿ ಕಾಣಕೋಣ, ಮಡಗಾಂವ್ ಕಡೆಯವರು. ಅಲ್ಲಿ ಮದುವೆ, ಹಬ್ಬ ಅಂದರೆ ಊಟದ ಜೊತೆ ವೈನ್, ಬಿಯರ್, ಫೆನಿ ಇರುವುದು ಮಾಮೂಲು. ನಾನೂ ಅಪರೂಪಕ್ಕೆ ಒಂದು ಗ್ಲಾಸ್ ವೈನ್ ಕುಡಿಯುತ್ತಿದ್ದೆ. ಬಸುರಿ ಅಂತ ಗೊತ್ತಾದ ದಿನದಿಂದ ಮುಟ್ಟಿಲ್ಲ.

ಮುಂದಿನ ತಿಂಗಳು ನಾದಿನಿಯ ಮದುವೆ. ಮಾವನ ಅಕ್ಕ ಈಗಲೇ ಹೇಳುತ್ತಿದ್ದಾರೆ: ‘ವೈನ್ ಕುಡಿದರೆ ರಕ್ತ ಹೆಚ್ಚುತ್ತೆ, ಮಗು ಕೆಂಪಗೆ ಹುಟ್ಟುತ್ತೆ, ಒಂದು ಸಣ್ಣ ಗ್ಲಾಸ್ ತಗೋ.’ ತುಂಬಾ ಪ್ರೀತಿಯ ಹೆಂಗಸು. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ತವರಿನಲ್ಲಿ ಇದರ ಹೆಸರೆತ್ತುವ ಹಾಗೇ ಇಲ್ಲ. ಡಾಕ್ಟರ್ ಹತ್ತಿರ ಕೇಳೋಣ ಅಂದರೆ ಪ್ರತಿ ಸಲ ಪಕ್ಕದಲ್ಲಿ ಅಮ್ಮ ಇರುತ್ತಾರೆ. ಒಂದು ಗ್ಲಾಸ್‌ನಿಂದ ನಿಜವಾಗಿ ಏನಾದರೂ ಆಗುತ್ತಾ? ಗೊತ್ತಾಗುವುದಕ್ಕೆ ಮೊದಲು ಕುಡಿದಿದ್ದರ ಬಗ್ಗೆಯೂ ಹೆದರಿಕೆ ಇದೆ. ದಯವಿಟ್ಟು ಬೈಯಬೇಡಿ, ತಿಳಿದವರು ಹೇಳಿ.

ಮಾಜಾಳಿ ಮಾಯ್

ಮಗಳೇ, ಇಷ್ಟೆಲ್ಲ ಹೆದರಬೇಡ. ನಮ್ಮ ಕಾಲದಲ್ಲಿ ವಾಂತಿ ಜಾಸ್ತಿಯಾದರೆ ಅತ್ತೆ ಒಂದು ಚಮಚ ಬ್ರಾಂಡಿಗೆ ಬಿಸಿನೀರು ಹಾಕಿ ಕೊಡುತ್ತಿದ್ದರು. ಹೆರಿಗೆ ಆದಮೇಲಂತೂ ಮೈ ಕಾಯಲಿ, ಗಾಳಿ ಹಿಡಿಯದಿರಲಿ ಅಂತ ಕೊಟ್ಟೇ ಕೊಡುತ್ತಿದ್ದರು. ನನ್ನ ನಾಲ್ಕೂ ಮಕ್ಕಳು ಚೆನ್ನಾಗಿದ್ದಾರೆ. ಕೊನೆಯವಳು ಬ್ಯಾಂಕಿನಲ್ಲಿದ್ದಾಳೆ. ಆಗ ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸುರಿಯರಿಗೆ ಮದ್ಯ ಕೊಡುತ್ತಿದ್ದರಂತೆ, ನಮ್ಮ ಕಾಂಪೌಂಡರ್ ಹೇಳುತ್ತಿದ್ದ. ಆದರೆ ಒಂದು ಮಾತು. ನಮ್ಮ ಮನೆಯಲ್ಲಿ ಗ್ಲಾಸುಗಟ್ಟಲೆ ಕುಡಿದವರು ಯಾರೂ ಇಲ್ಲ. ಅದನ್ನು ನಾನು ಹೇಳುತ್ತಿಲ್ಲ.

ಶಿರಸಿಯವ

ಇದು ಕೇಳುವ ಪ್ರಶ್ನೆಯೇ? ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ವೈನ್ ಮಾತಾಡುವುದು ಅಂದರೆ ನನಗೆ ಸಂಕಟವಾಗುತ್ತದೆ. ನಮ್ಮ ಕಡೆ ಬಸುರಿಗೆ ಹಾಲು, ತುಪ್ಪ, ಕಷಾಯ. ಹಿರಿಯರು ಸುಮ್ನೆ ಹಾಗೆ ಮಾಡಿಟ್ಟಿದ್ದಲ್ಲ.

ಹೊನ್ನಾವರ ಹುಡುಗಿ

ಅಣ್ಣಾ, ಬೈಯಬೇಡಿ ಅಂತ ಆಕೆ ಮೊದಲೇ ಕೇಳಿಕೊಂಡಿದ್ದಾಳೆ. ಕುಡಿಯುವುದನ್ನು ಬಿಟ್ಟು, ಇನ್ನೂ ದೂರ ಇರುವುದು ಹೇಗೆ ಅಂತ ಕೇಳುತ್ತಿರುವವಳಿಗೆ ಹೀಗೆ ಹೇಳಿದರೆ ಮುಂದಿನವಳು ಕೇಳುವುದೇ ಇಲ್ಲ.

ರಾತ್ರಿಪಾಳಿ ಸಿಸ್ಟರ್

ನಾನು ಕುಮಟಾ ಕಡೆಯವಳು, ಹೆರಿಗೆ ವಾರ್ಡಿನಲ್ಲಿ ನರ್ಸ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೊಳ್ಳಿ.

ತಾಯಿ ಕುಡಿದ ಮದ್ಯಸಾರ ಮಾಸು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತದೆ. ತಡೆ ಅಂತ ಏನೂ ಇಲ್ಲ. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಸ್ವಲ್ಪ ಹೊತ್ತಿನಲ್ಲಿ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮ್ಮ ಯಕೃತ್ತು ಅದನ್ನು ಒಡೆದು ಹೊರಗೆ ಹಾಕುತ್ತದೆ, ಮಗುವಿನ ಯಕೃತ್ತು ಇನ್ನೂ ಅದಕ್ಕೆ ತಯಾರಾಗಿರುವುದಿಲ್ಲ. ಅದೂ ಅಲ್ಲದೆ ಮಗುವಿನ ಸುತ್ತಲಿನ ನೀರಿನಲ್ಲೂ ಮದ್ಯಸಾರ ಸೇರುತ್ತದೆ, ಮಗು ಆ ನೀರನ್ನೇ ನುಂಗುತ್ತಾ ಇರುತ್ತದೆ. ಅಮ್ಮನಿಗೆ ಅಮಲು ಇಳಿದ ಮೇಲೂ ಮಗುವಿಗೆ ಇಳಿದಿರುವುದಿಲ್ಲ.

ಮೊದಲ ಮೂರು ತಿಂಗಳು ಮುಖ, ಹೃದಯ, ಕೈಕಾಲು ರೂಪ ಪಡೆಯುವ ಕಾಲ. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ‘ಮೂರು ತಿಂಗಳು ಕಳೆಯಿತಲ್ಲ, ಇನ್ನು ಪರವಾಗಿಲ್ಲ’ ಅನ್ನುವುದು ಸರಿಯಲ್ಲ.

ಮಾಜಾಳಿ ಮಾಯ್, ನಿಮ್ಮ ಕಾಂಪೌಂಡರ್ ಹೇಳಿದ್ದರಲ್ಲಿ ನಿಜ ಇದೆ. 1960–70ರ ದಶಕದಲ್ಲಿ ದಿನ ತುಂಬುವ ಮೊದಲೇ ನೋವು ಶುರುವಾದರೆ ಅದನ್ನು ನಿಲ್ಲಿಸಲು ಅಮೆರಿಕ ಮುಂತಾದ ಕಡೆ ಡಾಕ್ಟರುಗಳು ಮದ್ಯಸಾರವನ್ನು ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಆಮೇಲೆ ಅದನ್ನು ಕೈಬಿಟ್ಟರು. ಮಕ್ಕಳ ಮೇಲಾಗುವ ಪರಿಣಾಮವನ್ನು ಮೊದಲು ಜೋಡಿಸಿ ನೋಡಿದವರಲ್ಲಿ ಫ್ರಾನ್ಸಿನ ನಾಂತ್ ಊರಿನ ಮಕ್ಕಳ ವೈದ್ಯ ಪೌಲ್ ಲೆಮೊಯನ್ ಒಬ್ಬರು. 1968ರಲ್ಲಿ ಅವರು ಕುಡಿತದ ಚಟವಿದ್ದ ತಂದೆತಾಯಿಯರ 127 ಮಕ್ಕಳ ಬಗ್ಗೆ ಬರೆದರು. ಹೆಚ್ಚು ಜನ ಓದಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಜೋನ್ಸ್ ಮತ್ತು ಸ್ಮಿತ್ ಅದನ್ನೇ ಗುರುತಿಸಿ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಅಂತ ಕರೆದರು, ಅಂದರೆ ಹೊಟ್ಟೆಯಲ್ಲಿದ್ದಾಗ ತಾಗಿದ ಮದ್ಯಸಾರದಿಂದ ಮಗುವಿಗೆ ಬರುವ ತೊಂದರೆಗಳ ಗುಂಪು. ಮೂಗಿನ ಕೆಳಗಿನ ಗೆರೆ ಮಾಸಿರುವುದು, ಮೇಲ್ದುಟಿ ತೆಳ್ಳಗಿರುವುದು, ಕಣ್ಣು ಚಿಕ್ಕದಾಗಿರುವುದು ಅದರ ಗುರುತುಗಳು.

ಆದರೆ ಮುಖದಲ್ಲಿ ಗುರುತು ಕಾಣುವ ಮಕ್ಕಳು ಕಡಿಮೆ. ಹೆಚ್ಚಿನವರು ನೋಡಲು ಎಲ್ಲರ ಹಾಗೇ ಇರುತ್ತಾರೆ. ಲೆಕ್ಕ ತಲೆಗೆ ಹೋಗುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ, ಒಂದು ಕಡೆ ಕೂರಲಾಗುವುದಿಲ್ಲ. ಶಾಲೆಯಲ್ಲಿ ‘ದಡ್ಡ’, ‘ಹಟಮಾರಿ’ ಅನ್ನಿಸಿಕೊಂಡು ಬೆಳೆಯುತ್ತಾರೆ. ಜೀವನಪೂರ್ತಿ ಉಳಿಯುವ ತೊಂದರೆ ಇದು, ಗುಣಪಡಿಸುವ ಮಾತ್ರೆ ಇಲ್ಲ. ಬೇಗ ಗುರುತಿಸಿದರೆ ಕಲಿಸುವ ರೀತಿ ಬದಲಿಸಿ ತುಂಬಾ ಸಹಾಯ ಮಾಡಬಹುದು. ಯಾರೂ ಗುರುತಿಸದೇ ಹೋಗುವ ಮಕ್ಕಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೋಡಿಬಾಗದ ತಂಗೀ, ನಿನಗೆ ನೇರ ಉತ್ತರ. ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನುವ ಅಳತೆ ಯಾರ ಹತ್ತಿರವೂ ಇಲ್ಲ. ಅದಕ್ಕೇ ಬೇಡವೇ ಬೇಡ ಅನ್ನುತ್ತೇವೆ. ಗೊತ್ತಾಗುವ ಮೊದಲು ಅಪರೂಪಕ್ಕೆ ಒಂದು ಗ್ಲಾಸ್ ಕುಡಿದದ್ದಕ್ಕೆ ಮಗುವಿಗೆ ಅಪಾಯ ಆಗಿರುವ ಸಾಧ್ಯತೆ ತೀರಾ ಕಡಿಮೆ. ಗೊತ್ತಾದ ಕೂಡಲೇ ಬಿಟ್ಟಿದ್ದೀಯ, ಮಾಡಬೇಕಾದ್ದೂ ಅದೇ. ರಾತ್ರಿ ನಿದ್ದೆಗೆಟ್ಟು ಕೊರಗಬೇಡ.

ರಕ್ತ ಹೆಚ್ಚಬೇಕು ಅಂದರೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಗೋ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಫೋಲಿಕ್ ಆಸಿಡ್ ಕೂಡ ಇದೆ. ಗರ್ಭಿಣಿಗೆ 180 ದಿನ ಕೊಡುತ್ತಾರೆ. ವೈನ್‌ನಿಂದ ರಕ್ತ ಹೆಚ್ಚುವುದಿಲ್ಲ. ಕೆಂಪು ಬಣ್ಣ ನೋಡಿ ಹುಟ್ಟಿದ ನಂಬಿಕೆ ಇರಬೇಕು.

ಬೈತಖೋಲ

ಸಿಸ್ಟರ್, ಬಿಯರ್ ಲೈಟ್ ಅಲ್ವಾ? ನಮ್ಮ ಕಡೆ ‘ಹಾಟ್ ಬೇಡ, ಬಿಯರ್ ಪರವಾಗಿಲ್ಲ’ ಅನ್ನುವವರು ಸುಮಾರು ಜನ ಇದ್ದಾರೆ. ಕಳ್ಳು ತಂಪು ಅಂತಾನೂ ಹೇಳುತ್ತಾರೆ.

ರಾತ್ರಿಪಾಳಿ ಸಿಸ್ಟರ್

ಲೆಕ್ಕ ಹಾಕಿ ನೋಡಿ ಅಣ್ಣಾ. ಒಂದು ಪೆಗ್, ಅಂದರೆ 30 ಎಂಎಲ್ ವಿಸ್ಕಿಯಲ್ಲೋ ಫೆನಿಯಲ್ಲೋ ಸುಮಾರು 10 ಗ್ರಾಂ ಮದ್ಯಸಾರ. ಶೇ 5ರ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಸುಮಾರು 25 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್ ಆದರೆ 40 ಗ್ರಾಂ ದಾಟುತ್ತದೆ, ಅಂದರೆ ಆ ಒಂದು ಬಾಟಲಿ ನಾಲ್ಕು ಪೆಗ್‌ಗೆ ಸಮ. ವೈನ್ ಒಂದು ಗ್ಲಾಸ್ 150 ಎಂಎಲ್ ಅಂದುಕೊಂಡರೆ 14 ಗ್ರಾಂ. ಮಗುವಿಗೆ ಯಾವ ಬಾಟಲಿಯಿಂದ ಬಂತು ಅನ್ನುವುದು ಲೆಕ್ಕಕ್ಕಿಲ್ಲ.

ಕಳ್ಳು ಮರದಿಂದ ಇಳಿಸಿದಾಗ ಸಿಹಿ ನೀರು. ಆದರೆ ಮಡಕೆಯಲ್ಲೇ ಹುದುಗಲು ಶುರು. ಸಂಜೆ ಹೊತ್ತಿಗೆ ಅದೂ ಬಿಯರಿನ ಹತ್ತಿರಕ್ಕೆ ಬರುತ್ತದೆ. ತಂಪು ಬೇಕಾದರೆ ಎಳನೀರು ಇದೆಯಲ್ಲ.

ದಾಂಡೇಲಿ ಮೇಷ್ಟ್ರು

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ವೈದ್ಯನಲ್ಲ. ಇಲ್ಲಿ ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು, ಇಲ್ಲದಿದ್ದರೆ ನಾಳೆ ಯಾರೋ ಮೊಬೈಲಿನಲ್ಲಿ ತೋರಿಸಿದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಜಾಸ್ತಿ ಕುಡಿತದಿಂದ ಮಗುವಿಗೆ ಹಾನಿ ಅನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ. ಒಂದೇ ಸಲಕ್ಕೆ ತುಂಬಾ ಕುಡಿಯುವುದೂ ಹಾಗೆಯೇ. ಆದರೆ ವಾರಕ್ಕೆ ಒಂದೆರಡು ಗ್ಲಾಸ್ ಅಂದಾಗ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2012ರಲ್ಲಿ ಡೆನ್ಮಾರ್ಕಿನಲ್ಲಿ ಐದು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ತಾಯಂದಿರು ಸ್ವಲ್ಪ ಕುಡಿದಿದ್ದ ಮಕ್ಕಳಿಗೂ ಕುಡಿಯದವರ ಮಕ್ಕಳಿಗೂ ಬುದ್ಧಿಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಹಿಡಿದುಕೊಂಡು ‘ಏನೂ ಆಗಲ್ಲ’ ಅಂತ ಬರೆದವರು ಬಹಳ.

ನನ್ನ ತಕರಾರು ಇಲ್ಲಿದೆ. ಯುರೋಪಿನಲ್ಲಿ ಲೆಕ್ಕ ಹಾಕಿ ಅಪರೂಪಕ್ಕೆ ವೈನ್ ಕುಡಿಯುವ ಬಸುರಿಯರು ಸಾಮಾನ್ಯವಾಗಿ ಓದಿದವರು, ಅನುಕೂಲಸ್ಥರು. ಅವರ ಮಕ್ಕಳಿಗೆ ಒಳ್ಳೆ ಊಟ, ಒಳ್ಳೆ ಶಾಲೆ, ಮನೆಯಲ್ಲಿ ಪುಸ್ತಕ. ವೈನ್ ಸ್ವಲ್ಪ ಕೆಡಿಸಿದ್ದರೂ ಉಳಿದ ಅನುಕೂಲಗಳು ಅದನ್ನು ಮುಚ್ಚಿಹಾಕುತ್ತವೆ. ಇದನ್ನು ಲೆಕ್ಕದಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ. ಐದು ವರ್ಷಕ್ಕೆ ಕಾಣದ್ದು ಹತ್ತನೇ ಕ್ಲಾಸಿನಲ್ಲಿ ಕಾಣಬಹುದು. ಎರಡು ಗುಂಪು ಬಸುರಿಯರನ್ನು ಮಾಡಿ ಒಂದಕ್ಕೆ ಮದ್ಯ ಕೊಟ್ಟು ನೋಡುವ ಪ್ರಯೋಗವನ್ನು ಯಾರೂ ಮಾಡುವಂತಿಲ್ಲ, ಮಾಡಲೂಬಾರದು. ಅಂದಮೇಲೆ ಈ ಅನುಮಾನ ಹೀಗೇ ಉಳಿಯುತ್ತದೆ. ಅನುಮಾನ ಇದ್ದಾಗ ಅದರ ಲಾಭ ಮಗುವಿಗೆ ಸಿಗಬೇಕು, ಗ್ಲಾಸಿಗಲ್ಲ. ಮಾಯ್ ಅವರ ನಾಲ್ಕು ಮಕ್ಕಳು ಚೆನ್ನಾಗಿರುವುದು ನನಗೂ ಸಂತೋಷ. ಆದರೆ ತೊಂದರೆಯಾದ ಮನೆಯವರು ಇಂಥ ಮಾತುಕತೆಯಲ್ಲಿ ಬಾಯಿ ಬಿಡುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಬೀಳುವುದು ಚೆನ್ನಾಗಿರುವವರ ಕಥೆ ಮಾತ್ರ.

ಹೊನ್ನಾವರ ಹುಡುಗಿ

ಮೇಷ್ಟ್ರ ಮಾತಿಗೆ ನನ್ನದೂ ಸೇರಿಸುತ್ತೇನೆ. ನನ್ನ ಮೊದಲ ಹೆರಿಗೆ ಇಂಗ್ಲೆಂಡಿನಲ್ಲಿ. ಅಲ್ಲಿ ಮೊದಲು ‘ಕುಡಿಯದಿದ್ದರೆ ಒಳ್ಳೆಯದು, ಕುಡಿಯುವುದಾದರೆ ವಾರಕ್ಕೆ ಒಂದೆರಡು ಸಲ, ಒಂದೆರಡು ಯೂನಿಟ್ ಮೀರಬಾರದು’ ಅನ್ನುತ್ತಿದ್ದರು (ಅಲ್ಲಿ ಒಂದು ಯೂನಿಟ್ ಅಂದರೆ 8 ಗ್ರಾಂ ಮದ್ಯಸಾರ). 2016ರ ಜನವರಿಯಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಆ ಸಲಹೆ ಬದಲಿಸಿ, ಪೂರ್ತಿ ಬಿಡುವುದೇ ಸುರಕ್ಷಿತ ಅಂದರು. ನನ್ನ ಜೊತೆಗಿದ್ದ ಇಂಗ್ಲಿಷ್ ಗೆಳತಿಯರಲ್ಲೇ ಇದರ ಬಗ್ಗೆ ಜಗಳ. ‘ನಮ್ಮನ್ನು ಚಿಕ್ಕ ಮಕ್ಕಳ ಹಾಗೆ ನೋಡುತ್ತಿದ್ದಾರೆ, ಅಳತೆ ನಮಗೆ ಗೊತ್ತು’ ಅಂತ ಒಬ್ಬಳು. ‘ನೇರವಾಗಿ ಬೇಡ ಅಂದದ್ದು ಒಳ್ಳೆಯದಾಯಿತು, ಪಾರ್ಟಿಯಲ್ಲಿ ನೆಪ ಹುಡುಕಬೇಕಿಲ್ಲ’ ಅಂತ ಇನ್ನೊಬ್ಬಳು. ನಾನು ಎರಡನೆಯವಳ ಕಡೆ.

ನನಗೆ ಇಷ್ಟವಾದದ್ದು ಅಲ್ಲಿನ ಸೂಲಗಿತ್ತಿ ನರ್ಸ್ ಕೇಳಿದ ರೀತಿ. ಮೊದಲ ಭೇಟಿಯಲ್ಲೇ ಎಲ್ಲರಿಗೂ ಕೇಳುವ ಹಾಗೆ, ಯಾವ ಊಟ, ಯಾವ ಮಾತ್ರೆ, ಸಿಗರೇಟ್ ಇದೆಯಾ, ಡ್ರಿಂಕ್ಸ್ ಎಷ್ಟು ಅಂತ ಕೇಳಿ ಬರೆದುಕೊಂಡಳು. ಮುಖದಲ್ಲಿ ಏನೂ ಬದಲಾವಣೆ ಇಲ್ಲ. ನಮ್ಮಲ್ಲಿ ನನ್ನ ಎರಡನೇ ಹೆರಿಗೆಯ ಹೊತ್ತಿಗೆ ಯಾರೂ ಕೇಳಲೇ ಇಲ್ಲ. ಸೀರೆ ಉಟ್ಟು, ಹೂ ಮುಡಿದು ಬಂದವಳಿಗೆ ಈ ಪ್ರಶ್ನೆ ಯಾಕೆ ಅಂದುಕೊಂಡರೇನೋ.

ಬಾಟಲಿಯ ಮೇಲೆ ಬರೆಯುವ ವಿಷಯದಲ್ಲೂ ಅಷ್ಟೇ. ಅಮೆರಿಕದಲ್ಲಿ 1989ರಿಂದ ಗರ್ಭಿಣಿಯರಿಗೆ ಎಚ್ಚರಿಕೆ ಇದೆ. ಫ್ರಾನ್ಸಿನಲ್ಲಿ 2007ರಿಂದ ಬಸುರಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುರುತು ಇಲ್ಲವೇ ಎಚ್ಚರಿಕೆಯ ಬರಹ ಕಡ್ಡಾಯ, ಚಿತ್ರವಾದರೆ ಓದಲು ಬರದವರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ 2019ರಿಂದ ಬಂದ ನಿಯಮದ ಎಚ್ಚರಿಕೆ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅನ್ನುತ್ತದೆ. ಬಸುರಿಯ ಮಾತು ಅದರಲ್ಲಿಲ್ಲ. ಆ ಚಿತ್ರ ಇಲ್ಲಿಗೂ ಬರಬೇಕು.

ಶಿರಸಿಯವ

ನನ್ನ ಮೊದಲ ಮಾತು ಒರಟಾಗಿ ಕೇಳಿಸಿರಬಹುದು. ಆದರೆ ವಿಚಾರ ಅದೇ. ಗೋವಾ ಪಕ್ಕದಲ್ಲಿದೆ ಅಂತ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚುತ್ತಿದೆ ಅನ್ನುವ ಚಿಂತೆ ನನಗಿದೆ.

ಅಂಕೋಲೆಯ ಆಶಾ

ನಾನು ಆಶಾ ಕಾರ್ಯಕರ್ತೆ. ಮನೆ ಮನೆ ತಿರುಗುವವಳು. ಶಿರಸಿ ಅಣ್ಣ, ಅಂಕಿ ನೋಡಿದರೆ ಕುಡಿಯುವ ಹೆಂಗಸರು ನಮ್ಮ ದೇಶದಲ್ಲಿ ನೂರಕ್ಕೆ ಒಬ್ಬರ ಹತ್ತಿರ, ಗಂಡಸರು ನೂರಕ್ಕೆ 19ರ ಹತ್ತಿರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದೆ. ಗೋವಾದಲ್ಲಿ ಹೆಂಗಸರ ಪ್ರಮಾಣ ಇದಕ್ಕಿಂತ ಜಾಸ್ತಿ ಹೌದು. ಆದರೆ ಮನೆಗೆ ಬಂದು ಕೇಳಿದವರಿಗೆ ‘ನಾನು ಕುಡಿಯುತ್ತೇನೆ’ ಅಂತ ಎಷ್ಟು ಹೆಂಗಸರು ಹೇಳಿಯಾರು?

ನಾನು ಕಾಣುವುದು ಎರಡು ಥರ. ಒಂದು, ಕೋಡಿಬಾಗದ ತಂಗಿಯ ಹಾಗೆ ಸಮಾರಂಭದ ಒತ್ತಾಯ. ಅದಕ್ಕೆ ಉತ್ತರ ಸುಲಭ. ಎರಡನೆಯದು, ದಿನವಿಡೀ ಮೈ ಮುರಿದು ದುಡಿದು ರಾತ್ರಿ ಮೈಕೈ ನೋವಿಗೆ ಒಂದು ಪ್ಯಾಕೆಟ್ ಕುಡಿದು ಮಲಗುವವರು. ಅವರಿಗೆ ಕೊಡುವವನು ಹೆಚ್ಚಾಗಿ ಗಂಡನೇ. ತಾನು ತಂದದ್ದರಲ್ಲಿ ಅರ್ಧ ಕೊಡುತ್ತಾನೆ, ಬೇಡ ಅಂದರೆ ಜಗಳ. ಅಂಥ ಮನೆಯಲ್ಲಿ ಬಸುರಿಗೆ ಮಾತ್ರ ಬುದ್ಧಿ ಹೇಳಿ ಬಂದರೆ ನನ್ನ ಕೆಲಸ ಆಗುವುದಿಲ್ಲ. ಊಟ ಸರಿ ಇಲ್ಲ, ರಕ್ತ ಕಡಿಮೆ, ಮೇಲೆ ಪೆಟ್ಟು ಬೇರೆ. ಮಗು ಸಣ್ಣದಾಗಿ ಹುಟ್ಟಿದರೆ ಎಲ್ಲರೂ ಅವಳನ್ನೇ ಬೈಯುತ್ತಾರೆ.

ನಮ್ಮ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಯನ್ನು ಹಾಡಿಗೆ 2017ರಲ್ಲಿ ಬಂದ ಪದ್ಮಶ್ರೀಯಿಂದ ಎಲ್ಲರೂ ನೆನೆಯುತ್ತಾರೆ. ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರೂ ಅವರೇ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು. ಅಂಗಡಿ ಬದಲಾಯಿತು, ಮನೆಯೊಳಗಿನ ಪಾಡು ಬದಲಾಗಲಿಲ್ಲ. ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಕೋಡಿಬಾಗದ ತಂಗೀ, ನಿನ್ನ ಗಂಡನಿಗೆ ಒಂದು ಕೆಲಸ ಕೊಡು. ಮದುವೆಗೆ ಮೊದಲೇ ಅವನು ತನ್ನ ಆ ಸೋದರತ್ತೆಗೆ ಫೋನ್ ಮಾಡಿ ‘ಡಾಕ್ಟರ್ ಪೂರ್ತಿ ಬೇಡ ಅಂದಿದ್ದಾರೆ, ನೀವೇ ಅವಳನ್ನು ನೋಡಿಕೊಳ್ಳಬೇಕು, ಬೇರೆಯವರು ಒತ್ತಾಯ ಮಾಡದ ಹಾಗೆ’ ಅನ್ನಲಿ. ಹಿರಿಯರಿಗೆ ಜವಾಬ್ದಾರಿ ಕೊಟ್ಟರೆ ನೊಂದುಕೊಳ್ಳುವುದಿಲ್ಲ. ಅಲ್ಲಿ ನೀನು ಒಂದು ಗ್ಲಾಸ್ ಕೋಕಂ ಶರಬತ್ತು ಹಿಡಿದುಕೊಂಡಿರು. ಕೈ ಖಾಲಿ ಇದ್ದರೆ ಯಾರಾದರೂ ಏನಾದರೂ ತಂದು ಕೊಡುತ್ತಾರೆ.

ಯಲ್ಲಾಪುರ ಅತ್ತಿಗೆ

ಇದು ಕೇಳಲೇಬೇಕು ಅನ್ನಿಸಿತು. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಬಾಟಲಿ ಇಲ್ಲ ಅನ್ನುವ ಹೆಮ್ಮೆ ಇದೆ. ಆದರೆ ಅರಿಷ್ಟ, ಆಸವ ಇಲ್ಲದ ಮನೆ ಇಲ್ಲ. ಸುಸ್ತಿಗೆ ದ್ರಾಕ್ಷಾರಿಷ್ಟ, ಬಾಣಂತಿಗೆ ದಶಮೂಲಾರಿಷ್ಟ. ಬಾಟಲಿಯ ಮೇಲೆ ತಾನಾಗಿ ಹುಟ್ಟಿದ ಮದ್ಯಸಾರ ಇಷ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಬಸುರಿ ತಗೊಳ್ಳಬಹುದಾ?

ರಾತ್ರಿಪಾಳಿ ಸಿಸ್ಟರ್

ಒಳ್ಳೆ ಪ್ರಶ್ನೆ ಅಕ್ಕಾ. ಅರಿಷ್ಟ, ಆಸವ ಹುದುಗಿಸಿ ಮಾಡುವ ಔಷಧ. ಸಾಮಾನ್ಯವಾಗಿ ಶೇ 5ರಿಂದ 10ರವರೆಗೆ ಮದ್ಯಸಾರ ಇರುತ್ತದೆ. ಕುಡಿಯುವ ಅಳತೆ ಚಿಕ್ಕದು, ಹಾಗಾಗಿ ದೇಹಕ್ಕೆ ಹೋಗುವುದೂ ಕಡಿಮೆ. ಆದರೂ ಬಸುರಿ ಅಂಗಡಿಯಿಂದ ತಂದು ತಾನೇ ಕುಡಿಯಬಾರದು. ಮದ್ಯಸಾರದ ಜೊತೆ ಅದರಲ್ಲಿರುವ ಬೇರುಗಳ ವಿಷಯವೂ ಇದೆ. ‘ನಾನು ಬಸುರಿ’ ಅಂತ ಮೊದಲೇ ಹೇಳಿ ವೈದ್ಯರನ್ನು ಕೇಳಿ. ಬೇರೆ ಕಷಾಯ, ಚೂರ್ಣ ಇದ್ದೇ ಇರುತ್ತವೆ.

ಬಾಣಂತಿಗೆ ಬ್ರಾಂಡಿ ಕೊಡುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಅಮ್ಮನ ರಕ್ತದಲ್ಲಿ ಇರುವಷ್ಟೇ ಹಾಲಿನಲ್ಲೂ ಬರುತ್ತದೆ. ಒಂದು ಪೆಗ್ ಇಳಿಯಲು ಎರಡು ಮೂರು ಗಂಟೆ ಬೇಕು, ಹಾಲು ಹಿಂಡಿ ಚೆಲ್ಲಿದರೆ ಬೇಗ ಇಳಿಯುವುದಿಲ್ಲ. ಹಾಲು ಹೆಚ್ಚುತ್ತದೆ ಅನ್ನುವುದು ತಪ್ಪು, ಮದ್ಯಸಾರ ಹಾಲು ಇಳಿಯುವುದನ್ನೇ ಕಡಿಮೆ ಮಾಡುತ್ತದೆ. ಮೈ ಬೆಚ್ಚಗಾಯಿತು ಅನ್ನಿಸುವುದು ಚರ್ಮಕ್ಕೆ ರಕ್ತ ನುಗ್ಗುವುದರಿಂದ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬಿಸಿನೀರಿನ ಸ್ನಾನ, ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆಯ ಗಂಜಿ ಕೊಡಿ ಮಾಯ್, ಅದರಲ್ಲಿ ನಿಮ್ಮ ಕೈ ಯಾರಿಗೂ ಕಡಿಮೆ ಇರಲಿಕ್ಕಿಲ್ಲ.

ಮಾಜಾಳಿ ಮಾಯ್

ಹಾಲಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಅತ್ತೆಗೂ ಯಾರೂ ಹೇಳಿರಲಿಕ್ಕಿಲ್ಲ, ಪಾಪ. ಅವರು ಕೊಟ್ಟದ್ದು ಪ್ರೀತಿಯಿಂದ. ಮೊಮ್ಮಗಳ ಬಾಣಂತನ ಬರುತ್ತಿದೆ, ಬ್ರಾಂಡಿ ತರಿಸುವುದಿಲ್ಲ. ಆದರೆ ಹೆರಿಗೆಯಾದ ಹೆಣ್ಣು ಎರಡನೇ ದಿನ ತಣ್ಣೀರಲ್ಲಿ ಕೈ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೇಕ್ ಪ್ರಿಯೆ

ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ರಮ್ ಹಾಕಿದ ಪ್ಲಮ್ ಕೇಕ್ ಕೊಡುತ್ತಾರೆ. ಬೇಯಿಸಿದ ಮೇಲೆ ಹೋಗಿಬಿಡುತ್ತೆ ಅಲ್ವಾ? ನನಗೀಗ ಏಳು ತಿಂಗಳು.

ರಾತ್ರಿಪಾಳಿ ಸಿಸ್ಟರ್

ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆ ಬೇಯಿಸಿದರೂ ಮೂರರಲ್ಲೊಂದು ಪಾಲು ಉಳಿಯಬಹುದು. ಬೇಯಿಸಿದ ಮೇಲೆ ಮತ್ತೆ ರಮ್ ಸುರಿದು ನೆನೆಸಿಡುವ ಕೇಕ್ ಆದರೆ ಹೆಚ್ಚಿನದು ಹಾಗೇ ಇರುತ್ತದೆ. ಅದನ್ನು ಮನೆಯ ಉಳಿದವರು ತಿನ್ನಲಿ. ಗೊತ್ತಿಲ್ಲದೆ ಒಂದು ತುಂಡು ತಿಂದಿದ್ದರೆ ಗಾಬರಿ ಬೇಡ, ಅದರಲ್ಲಿರುವುದು ಬಹಳ ಕಡಿಮೆ.

ಕೋಡಿಬಾಗದ ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಆಶಾ ಅಕ್ಕ ಹೇಳಿದ ಹಾಗೆ ಗಂಡ ಫೋನ್ ಮಾಡಿದರು. ಅವರ ಸೋದರತ್ತೆ ಮೊದಲು ‘ನನ್ನ ಕಾಲದಲ್ಲಿ’ ಅಂತ ಶುರು ಮಾಡಿದರಂತೆ. ಆಮೇಲೆ ‘ಸರಿ, ಅವಳು ನನ್ನ ಪಕ್ಕ ಕೂರಲಿ’ ಅಂದರಂತೆ. ಡಾಕ್ಟರಿಗೂ ಈ ಸಲ ಹೇಳುತ್ತೇನೆ. ಅಮ್ಮನಿಗೆ ‘ಸ್ವಲ್ಪ ಹೊರಗೆ ಕೂತಿರು’ ಅನ್ನುವುದು ಹೇಗೆ ಅಂತ ಯೋಚಿಸುತ್ತಿದ್ದೇನೆ.

ಹೊನ್ನಾವರ ಹುಡುಗಿ

ನರ್ಸ್‌ಗೆ ಮೊದಲೇ ಮೆಲ್ಲಗೆ ಹೇಳಿಡಿ. ‘ಪರೀಕ್ಷೆ ಮಾಡಬೇಕು, ಒಬ್ಬರೇ ಬನ್ನಿ’ ಅಂತ ಅವರೇ ಕರೆಯುತ್ತಾರೆ.

ಹೆಸರು ಬೇಡ

ಎಲ್ಲ ಓದಿದೆ. ನನ್ನ ತಮ್ಮನ ಹೆಂಡತಿಗೆ ನಾಲ್ಕು ತಿಂಗಳು. ಇಬ್ಬರೂ ದಿನಾ ಕುಡಿಯುತ್ತಾರೆ. ಅವಳು ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಸ್ವಲ್ಪ ಹೊಟ್ಟೆಗೆ ಹೋದಮೇಲೆ ನಿಲ್ಲುತ್ತದೆ. ನಾನು ನಾಳೆಯಿಂದ ಅವಳನ್ನು ನಮ್ಮ ಮನೆಗೆ ಕರೆತಂದು ಒಂದು ಹನಿಯೂ ಸಿಗದ ಹಾಗೆ ಮಾಡಬೇಕು ಅಂತಿದ್ದೇನೆ. ಸರಿ ಅಲ್ವಾ?

ರಾತ್ರಿಪಾಳಿ ಸಿಸ್ಟರ್

ಅಕ್ಕಾ, ದಯವಿಟ್ಟು ಹಾಗೆ ಮಾಡಬೇಡಿ. ಕೈ ನಡುಗುವಷ್ಟು ಅಭ್ಯಾಸ ಆದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವಳಿಗೂ ಮಗುವಿಗೂ ಜೀವಕ್ಕೆ ಅಪಾಯ. ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರು, ಮಾತ್ರೆ ಕೊಟ್ಟು ಬಿಡಿಸಬೇಕು. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ, ಮನೋರೋಗ ವಿಭಾಗ ಎರಡೂ ಇವೆ. ಅಲ್ಲಿಯವರೆಗೆ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ, ಬಾಯಿಗೆ ಬಂದ ಹಾಗೆ ಮಾತಾಡಲು ಶುರು ಮಾಡಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಾಲ್ಕನೇ ತಿಂಗಳಾಯಿತು, ಇನ್ನೇನು ಪ್ರಯೋಜನ ಅಂತ ಯಾರೂ ಅವಳಿಗೆ ಹೇಳಬಾರದು. ಇವತ್ತು ಬಿಟ್ಟರೂ ಮಗುವಿನ ಮಿದುಳಿಗೆ ಇನ್ನೂ ಐದು ತಿಂಗಳ ಬೆಳವಣಿಗೆ ಬಾಕಿ ಇದೆ.

ಅಂಕೋಲೆಯ ಆಶಾ

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆದರೆ ಇದಕ್ಕೆ 9ರವರೆಗೆ ಕಾಯುವುದು ಬೇಡ, ನಾಳೆಯೇ ಹೋಗಿ. ನಿಮ್ಮ ಊರಿನ ಆಶಾಳನ್ನು ಜೊತೆಗೆ ಕರೆದುಕೊಳ್ಳಿ, ಒಳಗಿನ ದಾರಿ ಅವಳಿಗೆ ಗೊತ್ತಿರುತ್ತದೆ. ತಮ್ಮನನ್ನೂ ಕರೆದುಕೊಂಡು ಹೋಗಿ. ಅವನು ಮನೆಯಲ್ಲಿ ಬಾಟಲಿ ಇಟ್ಟುಕೊಂಡಿದ್ದರೆ ಅವಳು ಬಿಡುವುದು ಆಗದ ಮಾತು.

ಹೆಸರು ಬೇಡ

ಒಮ್ಮೆಲೇ ನಿಲ್ಲಿಸಬಾರದು ಅಂತ ನನಗೆ ಗೊತ್ತೇ ಇರಲಿಲ್ಲ. ಬೆಳಗಿನ ಬಸ್ಸಿಗೆ ಮೂವರೂ ಹೊರಡುತ್ತೇವೆ. ಅವಳು ಇನ್ನೂ ತಾಯಿ ಕಾರ್ಡ್ ಮಾಡಿಸಿಲ್ಲ. ನೋಡುತ್ತಾರಾ?

ಅಂಕೋಲೆಯ ಆಶಾ

ನೋಡುತ್ತಾರೆ. ಕಾರ್ಡ್ ಆಮೇಲೆ ಮಾಡಿಸಬಹುದು. ಆಧಾರ್ ಮತ್ತೆ ಸ್ಕ್ಯಾನಿಂಗ್ ಏನಾದರೂ ಆಗಿದ್ದರೆ ಅದರ ವರದಿ ತಗೊಂಡು ಹೋಗಿ. ಕೈ ನಡುಗುವ ವಿಷಯವನ್ನು ಚೀಟಿ ಮಾಡಿಸುವಲ್ಲೇ ಹೇಳಿ, ಸಾಲಿನಲ್ಲಿ ಕೂರಿಸಬೇಡಿ.